ಹೆಜ್ಜೆಹೆಜ್ಜೆಗೂ ಜನಾಂಗ ಕೇಳುವ ದೇಶದಲ್ಲಿ ಎಲ್ಲರೂ ಒಂದೇ ಜನವೇ?

ಪ್ರಶ್ನೆ: ನನ್ನ ಮಗಳ ಕುಟುಂಬ ಹದಿಮೂರು ವರ್ಷಗಳಿಂದ ಸಿಂಗಪುರದಲ್ಲಿದೆ. ಈಗ ಅಲ್ಲಿಯ ಪೌರತ್ವವನ್ನೂ ಪಡೆದಿದ್ದಾರೆ. ಮೊಮ್ಮಗ ಶಾಲೆಯಲ್ಲಿ ಬೆಳಿಗ್ಗೆ ಎದೆಯ ಮೇಲೆ ಮುಷ್ಟಿಯಿಟ್ಟು, ಜನಾಂಗ, ಭಾಷೆ, ಧರ್ಮಗಳ ಭೇದವಿಲ್ಲದೆ ನಾವೆಲ್ಲ ಒಂದೇ ಜನ ಎಂಬರ್ಥದ ಪ್ರತಿಜ್ಞೆ ಹೇಳುತ್ತಾನೆ. ಆದರೆ ಮಗಳ ಗುರುತಿನ ಚೀಟಿಯಲ್ಲಿ 'ಭಾರತೀಯ' ಎಂದು ಜನಾಂಗ ನಮೂದಾಗಿದೆ. ಫ್ಲ್ಯಾಟ್ ಕೊಳ್ಳಲು ಹೋದಾಗ ದಲ್ಲಾಳಿ ಮೊದಲು ಕೇಳಿದ್ದು ಜನಾಂಗವನ್ನೇ. ಶಾಲೆಯಲ್ಲಿ 'ಮಾತೃಭಾಷೆ' ಎಂದು ಮೊಮ್ಮಗ ಕಲಿಯುತ್ತಿರುವುದು ಹಿಂದಿಯನ್ನು. ಹೀಗೆ ಹೆಜ್ಜೆಹೆಜ್ಜೆಗೂ ಜನಾಂಗ ಕೇಳುವ ದೇಶದಲ್ಲಿ ಎಲ್ಲರಿಗೂ ಸೇರಿದ ಒಂದು ಗುರುತು ನಿಜವಾಗಿ ಇರಲು ಸಾಧ್ಯವೇ? ಇದ್ದರೂ ಉಳಿದೀತೇ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನೀವು ಗಮನಿಸಿದ ಸಂಗತಿಗಳೆಲ್ಲ ನಿಜ. ಅವುಗಳ ನಡುವಿನ ವಿರೋಧವೂ ನಿಜ, ಮತ್ತು ಅದು ಯಾರದೋ ಕಣ್ತಪ್ಪಿನಿಂದ ಉಳಿದುಕೊಂಡದ್ದಲ್ಲ. ಆ ದೇಶವನ್ನು ಕಟ್ಟಿದವರು ತಿಳಿದೂ ತಿಳಿದೂ ಇಟ್ಟುಕೊಂಡದ್ದು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಸಿಂಗಪುರದಲ್ಲಿ ಎಲ್ಲರಿಗೂ ಸೇರಿದ ಒಂದು ಗುರುತು ಹುಟ್ಟಿದೆ, ಅದು ತೋರಿಕೆಯದಲ್ಲ. ಆದರೆ ಅದನ್ನು ಎತ್ತಿ ಹಿಡಿದಿರುವ ಊರುಗೋಲುಗಳೇ ಜನಾಂಗದ ಗೆರೆಗಳು ಮಾಸಿಹೋಗದಂತೆಯೂ ನೋಡಿಕೊಂಡಿವೆ. ಹೀಗಾಗಿ ಕಟ್ಟುವಾಗ ಬಾರದಿದ್ದ ತೊಡಕು ಉಳಿಸಿಕೊಳ್ಳುವಾಗ ಎದುರಾಗಿದೆ.

ಈ ಏರ್ಪಾಟು ಭಯದಿಂದ ಹುಟ್ಟಿದ್ದು ಎಂಬುದನ್ನು ಮರೆಯಬಾರದು. 1963ರ ಸೆಪ್ಟೆಂಬರ್‌ನಲ್ಲಿ ಸಿಂಗಪುರ ಮಲೇಷ್ಯಾ ಒಕ್ಕೂಟವನ್ನು ಸೇರಿತು. ಮಲಯ್ ಜನರಿಗೆ ವಿಶೇಷ ಸ್ಥಾನವಿರಬೇಕೆಂಬುದು ಕ್ವಾಲಾಲಂಪುರದ ನಿಲುವು. ಎಲ್ಲ ಜನಾಂಗಗಳಿಗೂ ಸಮಾನ ಹಕ್ಕಿರುವ 'ಮಲೇಷ್ಯನ್ನರ ಮಲೇಷ್ಯಾ' ಬೇಕೆಂಬುದು ಸಿಂಗಪುರದ ಪ್ರಧಾನಿ ಲೀ ಕುವಾನ್ ಯೂ ಅವರ ಪಕ್ಷದ ಪಟ್ಟು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. 1964ರ ಜುಲೈ 21ರಂದು ಪ್ರವಾದಿಯವರ ಜನ್ಮದಿನದ ಮೆರವಣಿಗೆ ಪಡಾಂಗ್ ಮೈದಾನದಿಂದ ಗೇಲಾಂಗ್ ಕಡೆಗೆ ಸಾಗುತ್ತಿದ್ದಾಗ ಮಲಯ್ ಮತ್ತು ಚೀನೀಯರ ನಡುವೆ ಗಲಭೆ ಹೊತ್ತಿಕೊಂಡು 23 ಜನ ಸತ್ತರು, 454 ಜನ ಗಾಯಗೊಂಡರು. ಸೆಪ್ಟೆಂಬರ್‌ನಲ್ಲಿ ಎರಡನೆಯ ಸುತ್ತು. ಆಗ ಮತ್ತೆ 13 ಸಾವು. 1965ರ ಆಗಸ್ಟ್ 9ರಂದು ಸಿಂಗಪುರ ಒಕ್ಕೂಟದಿಂದ ಹೊರಬಿದ್ದಿತು. ಅಂದು ಪತ್ರಕರ್ತರ ಮುಂದೆ ಲೀ ಕಣ್ಣೀರು ಹಾಕಿದ ದೃಶ್ಯ ಎಲ್ಲರಿಗೂ ನೆನಪಿದೆ. ಇದು ಮಲಯ್ ರಾಷ್ಟ್ರವೂ ಅಲ್ಲ, ಚೀನೀ ರಾಷ್ಟ್ರವೂ ಅಲ್ಲ, ಭಾರತೀಯ ರಾಷ್ಟ್ರವೂ ಅಲ್ಲ, ಇಲ್ಲಿ ಎಲ್ಲರಿಗೂ ಜಾಗವಿದೆ ಎಂದು ಅದೇ ದಿನ ಅವರು ಹೇಳಿದ್ದನ್ನು ಹೊರಗಿನವರು ಅಷ್ಟಾಗಿ ನೆನೆಯುವುದಿಲ್ಲ. ಸುತ್ತಲೂ ಮಲಯ್ ಮಾತನಾಡುವ ದೊಡ್ಡ ದೇಶಗಳು, ನಡುವೆ ಮುಕ್ಕಾಲು ಪಾಲು ಚೀನೀಯರಿರುವ ಪುಟ್ಟ ದ್ವೀಪ. ಬೇರೆ ಮಾತು ಹೇಳುವ ಸ್ವಾತಂತ್ರ್ಯ ಅವರಿಗೆ ಇರಲಿಲ್ಲವೆಂದರೂ ತಪ್ಪಾಗದು.

ನಿಮ್ಮ ಮೊಮ್ಮಗ ಹೇಳುವ ಪ್ರತಿಜ್ಞೆ 1966ರದು. ಅದರ ಕರಡನ್ನು ಬರೆದ ಎಸ್. ರಾಜರತ್ನಂ ಜಾಫ್ನಾದಲ್ಲಿ ಹುಟ್ಟಿದ ತಮಿಳರು, ಸಿಂಗಪುರದ ಮೊದಲ ವಿದೇಶಾಂಗ ಸಚಿವರು. ಜನಾಂಗವೆಂಬುದು ಕಾಲಕ್ರಮದಲ್ಲಿ ಅಪ್ರಸ್ತುತವಾಗಬೇಕೆಂದು ಆ ತಲೆಮಾರಿನ ನಾಯಕರಲ್ಲಿ ಮನಸಾರೆ ನಂಬಿದವರು ಅವರೇ ಇರಬೇಕು. ಲೀ ಅವರ ನಂಬಿಕೆ ಬೇರೆಯಾಗಿತ್ತು. 2009ರ ಆಗಸ್ಟ್‌ನಲ್ಲಿ ಸಂಸತ್ತಿನಲ್ಲಿ ಸದಸ್ಯರೊಬ್ಬರು ಸರ್ಕಾರದ ನೀತಿಗಳನ್ನು ಈ ಪ್ರತಿಜ್ಞೆಯ ಒರೆಗಲ್ಲಿಗೆ ಹಚ್ಚಲು ಹೊರಟಾಗ, ಎಂಬತ್ತೈದರ ಹರೆಯದ ಲೀ ಎದ್ದುನಿಂತು, ಪ್ರತಿಜ್ಞೆಯಲ್ಲಿರುವುದು ನಮ್ಮ ಹಂಬಲ, ಇಂದಿನ ವಾಸ್ತವವಲ್ಲ ಎಂದು ಕಡ್ಡಿ ಮುರಿದಂತೆ ಹೇಳಿದರು. ಮಲಯ್ ಜನರ ವಿಶೇಷ ಸ್ಥಾನವನ್ನು ಗುರುತಿಸುವ ಸಂವಿಧಾನದ 152ನೆಯ ವಿಧಿಯನ್ನೂ ನೆನಪಿಸಿದರು. ರಾಜರತ್ನಂ, ಲೀ ಇಬ್ಬರೂ ಒಂದೇ ಪಕ್ಷದವರು, ಒಂದೇ ಸಂಪುಟದಲ್ಲಿ ಕೂತವರು. ನೀವು ಕಂಡ ವಿರೋಧಾಭಾಸ ಆ ಸಂಪುಟದ ಮೇಜಿನ ಮೇಲೇ ಇತ್ತು.

ಈಗ ಫ್ಲ್ಯಾಟಿನ ವಿಷಯ. ಸಿಂಗಪುರವನ್ನು ಅರ್ಥಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಬಾಗಿಲಿಲ್ಲ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಅಲ್ಲಿನ ನಿವಾಸಿಗಳಲ್ಲಿ ಹತ್ತಿರಹತ್ತಿರ ಐದರಲ್ಲಿ ನಾಲ್ಕು ಮಂದಿ ಸರ್ಕಾರಿ ವಸತಿ ಮಂಡಳಿಯಾದ ಎಚ್‌ಡಿಬಿ ಕಟ್ಟಿದ ಮನೆಗಳಲ್ಲಿದ್ದಾರೆ. 1970 ಮತ್ತು 80ರ ದಶಕಗಳಲ್ಲಿ ಜನ ಮನೆಗಳನ್ನು ಮರುಮಾರಾಟ ಮಾಡುತ್ತ ತಮ್ಮವರಿರುವ ಕಡೆ ಸೇರತೊಡಗಿದರು: ಬೆಡೋಕ್, ಟ್ಯಾಂಪಿನೀಸ್ ಕಡೆ ಮಲಯ್ ಕುಟುಂಬಗಳು, ಹೌಗಾಂಗ್ ಕಡೆ ಚೀನೀಯರು. ಹಳೆಯ ಕೇರಿಗಳನ್ನು ಕೆಡವಿ ಕಟ್ಟಿದ ಹೊಸ ಊರಿನಲ್ಲಿ ಮತ್ತೆ ಕೇರಿಗಳು ಮೂಡುತ್ತಿರುವುದನ್ನು ಕಂಡ ಸರ್ಕಾರ 1989ರಲ್ಲಿ ಪ್ರತಿ ಬಡಾವಣೆಗೂ ಪ್ರತಿ ಕಟ್ಟಡಕ್ಕೂ ಜನಾಂಗವಾರು ಮಿತಿ ಹಾಕಿತು. ಒಂದು ಕಟ್ಟಡದಲ್ಲಿ ಚೀನೀಯರು ನೂರಕ್ಕೆ 87, ಮಲಯ್ ಜನ 25, ಭಾರತೀಯರು ಮತ್ತು ಇತರರು ಒಟ್ಟಾಗಿ 13. ಈ ಕೊನೆಯ ಮಿತಿಯನ್ನು 2010ರಲ್ಲಿ 15ಕ್ಕೆ ಏರಿಸಲಾಯಿತು. ದಲ್ಲಾಳಿ ನಿಮ್ಮ ಮಗಳ ಜನಾಂಗ ಕೇಳಿದ್ದು ಈ ಲೆಕ್ಕಕ್ಕಾಗಿ.

ಲೆಕ್ಕ ಹೇಗೆ ಕೆಲಸ ಮಾಡುತ್ತದೆ ನೋಡಿ. ಒಂದು ಕಟ್ಟಡದಲ್ಲಿ ಚೀನೀಯರ ಮಿತಿ ತುಂಬಿದೆ ಎಂದಿಟ್ಟುಕೊಳ್ಳಿ. ಅಲ್ಲಿರುವ ಚೀನೀ ಮಾಲೀಕ ತನ್ನ ಮನೆಯನ್ನು ಇನ್ನೊಬ್ಬ ಚೀನೀಯನಿಗೆ ಮಾರಬಹುದು, ಏಕೆಂದರೆ ಪ್ರಮಾಣ ಬದಲಾಗುವುದಿಲ್ಲ. ಅದೇ ಮಹಡಿಯ ಭಾರತೀಯ ಅಥವಾ ಮಲಯ್ ಮಾಲೀಕ ಚೀನೀಯನಿಗೆ ಮಾರುವಂತಿಲ್ಲ. ಕೊಳ್ಳುವವರಲ್ಲಿ ಹೆಚ್ಚಿನವರು ಚೀನೀಯರೇ ಆಗಿರುವ ಊರಿನಲ್ಲಿ ಆತನ ಪಾಲಿಗೆ ಗಿರಾಕಿಗಳು ಕಡಿಮೆ, ಕಾಯುವ ತಿಂಗಳುಗಳು ಹೆಚ್ಚು, ಕೈಗೆ ಬರುವ ಬೆಲೆಯೂ ಕಡಿಮೆ. ಎಲ್ಲರೂ ಬೆರೆತು ಬಾಳಲೆಂದು ಮಾಡಿದ ನಿಯಮದ ಬೆಲೆಯನ್ನು ಅಲ್ಪಸಂಖ್ಯಾತ ಮಾಲೀಕ ತನ್ನ ಜೇಬಿನಿಂದ ಕೊಡುತ್ತಾನೆ. ಇದಕ್ಕೆ ಸರ್ಕಾರ ಪರಿಹಾರ ಕೊಡಲು ಮೂರು ದಶಕ ಬೇಕಾಯಿತು. ಹೀಗೆ ಸಿಕ್ಕಿಬಿದ್ದವರ ಮನೆಯನ್ನು ಮಂಡಳಿಯೇ ಮರಳಿ ಕೊಳ್ಳುವ ವ್ಯವಸ್ಥೆ ಬಂದದ್ದು 2022ರಲ್ಲಿ.

ಹಾಗಾದರೆ ಬಂದ ಲಾಭವೇನು? ಈ ಕಟ್ಟಡಗಳ ನೆಲಮಹಡಿಯನ್ನು ಕಂಬಗಳನ್ನಷ್ಟೇ ಇಟ್ಟು ಖಾಲಿ ಬಿಟ್ಟಿರುತ್ತಾರೆ. ಅದಕ್ಕೆ ಅಲ್ಲಿನವರು 'ವಾಯ್ಡ್ ಡೆಕ್' ಎನ್ನುತ್ತಾರೆ. ನಾನು ತೋವಾ ಪಾಯೋದಲ್ಲಿ ಕೆಲಕಾಲ ಉಳಿದಿದ್ದ ಕಟ್ಟಡದ ಕೆಳಗೆ ಒಂದು ಭಾನುವಾರ ಮಲಯ್ ಮದುವೆ ನಡೆಯಿತು. ಕಂಬಗಳಿಗೆ ಬಣ್ಣದ ಪರದೆ, ಕೊಂಪಾಂಗ್ ತಮಟೆಗಳ ಸದ್ದು, ದೊಡ್ಡ ಹಂಡೆಯಲ್ಲಿ ಬಿರಿಯಾನಿ. ಮುಂದಿನ ವಾರ ಅದೇ ಕಂಬಗಳ ನಡುವೆ ಚೀನೀ ಅಜ್ಜಿಯೊಬ್ಬರ ಶವಪೆಟ್ಟಿಗೆಯನ್ನು ಐದು ದಿನ ಇಟ್ಟು, ಮನೆಯವರು ರಾತ್ರಿಯೆಲ್ಲ ಕೂತು ಕಡಲೆಕಾಯಿ ಸುಲಿಯುತ್ತ ಎಚ್ಚರವಿದ್ದರು. ಕೆಲಸದಿಂದ ಬರುವವರು ಮದುವೆಯನ್ನು ಹಾದು ಲಿಫ್ಟಿಗೆ ಹೋದರು, ಸಾವನ್ನೂ ಹಾದು ಲಿಫ್ಟಿಗೆ ಹೋದರು. ಯಾರೂ ಯಾರನ್ನೂ ಅಪ್ಪಿಕೊಳ್ಳಲಿಲ್ಲ. ಯಾರೂ ಮೂಗು ಮುರಿಯಲೂ ಇಲ್ಲ. ನೆರೆಯವರ ಆಚಾರ ವಿಚಿತ್ರವೆನಿಸದಷ್ಟು ರೂಢಿಯಾಗುವುದು ಪ್ರೀತಿಗಿಂತ ಸಣ್ಣ ಸಾಧನೆ, ಆದರೆ 1964ನ್ನು ಕಂಡ ಊರಿಗೆ ಸಣ್ಣದೇನಲ್ಲ. 1969ರಲ್ಲಿ ಕ್ವಾಲಾಲಂಪುರದ ಹಿಂಸೆಯ ಕಿಡಿ ಸಿಂಗಪುರಕ್ಕೂ ತಾಗಿ ನಾಲ್ವರು ಸತ್ತ ಮೇಲೆ, ಅಲ್ಲಿನ ಪ್ರಜೆಗಳ ನಡುವೆ ಅಂಥ ಜನಾಂಗೀಯ ಗಲಭೆ ಮರುಕಳಿಸಿಲ್ಲ.

ಭಾಷೆಯ ವಿಷಯಕ್ಕೆ ಬಂದರೆ, ನಿಮ್ಮ ಮೊಮ್ಮಗನ ಹಿಂದಿ ಪಾಠ ನಿಮಗೆ ಕಸಿವಿಸಿ ತಂದಿರುವುದು ಸಹಜ. ರಾಷ್ಟ್ರಭಾಷೆ ಮಲಯ್, ರಾಷ್ಟ್ರಗೀತೆಯೂ ಮಲಯ್‌ನಲ್ಲೇ ಇದೆ. ಮಲಯ್, ಮ್ಯಾಂಡರಿನ್, ತಮಿಳು, ಇಂಗ್ಲಿಷ್ ನಾಲ್ಕೂ ಅಧಿಕೃತ ಭಾಷೆಗಳು. ಶಾಲೆಯ ಮಾಧ್ಯಮ ಮಾತ್ರ ಇಂಗ್ಲಿಷ್. ಯಾರ ಮನೆಯ ಮಾತೂ ಅಲ್ಲದ ಭಾಷೆಯಾದ್ದರಿಂದ ಅದು ಯಾರಿಗೂ ಸೋಲೆನಿಸದು ಎಂಬುದು ಲೆಕ್ಕಾಚಾರವಾಗಿತ್ತು. ಮುಕ್ಕಾಲು ಪಾಲು ಚೀನೀಯರಿದ್ದೂ ಚೀನೀ ಭಾಷೆಯನ್ನು ದೇಶದ ಮೇಲೆ ಹೇರಲಿಲ್ಲ ಎಂಬುದನ್ನು ನಾನು ಅವರ ಅತಿ ದೊಡ್ಡ ನಿರ್ಧಾರವೆಂದು ಎಣಿಸುತ್ತೇನೆ. 1956ರಲ್ಲಿ ಸಿಂಹಳವೊಂದನ್ನೇ ಅಧಿಕೃತ ಭಾಷೆ ಮಾಡಿದ ಸಿಲೋನ್ ಯಾವ ದಾರಿ ಹಿಡಿಯಿತೆಂಬುದು ಗೊತ್ತಿದ್ದವರಿಗೆ ಇದರ ತೂಕ ತಿಳಿಯುತ್ತದೆ. ಬಹುಸಂಖ್ಯಾತರೂ ಬೆಲೆ ತೆತ್ತಿದ್ದಾರೆ. 1979ರಲ್ಲಿ ಮ್ಯಾಂಡರಿನ್ ಮಾತನಾಡಿ ಎಂಬ ಆಂದೋಲನ ಶುರುವಾದ ಮೇಲೆ ಹೊಕ್ಕಿಯನ್, ಟಿಯೋಚ್ಯೂ, ಕ್ಯಾಂಟನೀಸ್ ಎಂಬ ಚೀನೀಯರ ಮನೆಮಾತುಗಳು ದೂರದರ್ಶನ, ರೇಡಿಯೋಗಳಿಂದ ಮಾಯವಾದವು. ಹೊಕ್ಕಿಯನ್ ಬಿಟ್ಟು ಬೇರೇನೂ ಬಾರದ ಅಜ್ಜಿ, ಮ್ಯಾಂಡರಿನ್ ಮತ್ತು ಇಂಗ್ಲಿಷ್ ಮಾತ್ರ ಬರುವ ಮೊಮ್ಮಗಳು ಒಂದೇ ಮನೆಯಲ್ಲಿ ಸನ್ನೆಯಲ್ಲಿ ಮಾತನಾಡಿಕೊಳ್ಳುವ ಸ್ಥಿತಿ ಎಷ್ಟೋ ಚೀನೀ ಕುಟುಂಬಗಳದು. 2020ರ ಜನಗಣತಿಯ ಹೊತ್ತಿಗೆ ನೂರಕ್ಕೆ 48 ನಿವಾಸಿಗಳು ಮನೆಯಲ್ಲಿ ಹೆಚ್ಚಾಗಿ ಇಂಗ್ಲಿಷನ್ನೇ ಆಡುತ್ತಿದ್ದರು. ಹತ್ತು ವರ್ಷ ಹಿಂದೆ ಅದು 32 ಇತ್ತು.

'ಮಾತೃಭಾಷೆ' ಎಂಬುದು ಅಲ್ಲಿ ತಾಯಿಯಾಡುವ ಮಾತಲ್ಲ, ಜನಾಂಗಕ್ಕೆ ಅಂಟಿಸಿದ ಮಾತು. ಚೀನೀ, ಮಲಯ್, ಭಾರತೀಯ, ಇತರ ಎಂಬ ನಾಲ್ಕು ಗೂಡುಗಳಲ್ಲಿ ಎಲ್ಲರನ್ನೂ ಇಟ್ಟಿದ್ದಾರೆ. 'ಭಾರತೀಯ' ಎಂಬ ಗೂಡಿನಲ್ಲಿ ಅರ್ಧಕ್ಕಿಂತ ಹೆಚ್ಚು ತಮಿಳರು. ಉಳಿದಂತೆ ಮಲಯಾಳಿ, ಪಂಜಾಬಿ, ಸಿಂಧಿ, ಕನ್ನಡಿಗರ ಜೊತೆಗೆ ಪಾಕಿಸ್ತಾನ, ಬಾಂಗ್ಲಾದೇಶ, ಶ್ರೀಲಂಕಾ ಮೂಲದವರೂ ಅದರಲ್ಲೇ. ಈ ಮಕ್ಕಳು ತಮಿಳನ್ನು, ಇಲ್ಲವೇ ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದುಗಳಲ್ಲಿ ಒಂದನ್ನು ಆರಿಸಿಕೊಳ್ಳಬಹುದು. ಕನ್ನಡ, ತೆಲುಗು, ಮಲಯಾಳಗಳು ಪಟ್ಟಿಯಲ್ಲಿಲ್ಲ. ಸಿಂಗಪುರದ ಕನ್ನಡ ಮಗು ಕನ್ನಡವನ್ನು ಮನೆಯಲ್ಲೋ ಸಂಘದ ತರಗತಿಯಲ್ಲೋ ಕಲಿಯಬೇಕು. ಈ ನಾಲ್ಕು ಗೂಡುಗಳು ಎಷ್ಟು ಬಿಗಿ ಎಂಬುದಕ್ಕೆ ಇನ್ನೊಂದು ಉದಾಹರಣೆ: ಚೀನೀ ತಾಯಿ, ಭಾರತೀಯ ತಂದೆಯ ಮಗುವಿಗೆ ಎರಡೂ ಹೆಸರು ಸೇರಿಸಿ ಜನಾಂಗ ಬರೆಸುವ ಅವಕಾಶ ಸಿಕ್ಕಿದ್ದು 2011ರಲ್ಲಿ. ಆಗಲೂ ಫ್ಲ್ಯಾಟಿನ ಲೆಕ್ಕಕ್ಕೆ ಮೊದಲು ಬರೆದ ಹೆಸರೇ ಗಣನೆಗೆ ಬರುತ್ತದೆ.

ಸೈನಿಕ ಸೇವೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. 1967ರಿಂದ ಹದಿನೆಂಟು ತುಂಬಿದ ಹುಡುಗರಿಗೆಲ್ಲ ಅದು ಕಡ್ಡಾಯ, ಈಗ ಎರಡು ವರ್ಷದ ಅವಧಿ. ಒಂದೇ ಬ್ಯಾರಕ್ಕಿನ ಬೆವರು ಕಟ್ಟಿದ ಸ್ನೇಹಗಳು ಜೀವನಪರ್ಯಂತ ಉಳಿಯುತ್ತವೆ ಎಂದು ಹೇಳದ ಸಿಂಗಪುರಿಗನನ್ನು ನಾನು ಕಂಡಿಲ್ಲ. ಆದರೆ ಆರಂಭದ ವರ್ಷಗಳಲ್ಲಿ ಮಲಯ್ ಯುವಕರನ್ನು ಬಹುಮಟ್ಟಿಗೆ ಕರೆಯಲೇ ಇಲ್ಲ, ಕರೆದ ಮೇಲೂ ಸೂಕ್ಷ್ಮ ಹುದ್ದೆಗಳಿಂದ ದೂರವಿಟ್ಟರು. ನೆರೆಯ ದೇಶದೊಡನೆ ಯುದ್ಧವಾದರೆ ಅವರು ಯಾರ ಕಡೆ ನಿಂತಾರು ಎಂಬ ಸಂಶಯ ಅದರ ಹಿಂದಿತ್ತು. ಒಂದೇ ಜನ ಎಂದು ಪ್ರತಿಜ್ಞೆ ಮಾಡಿಸಿದ ದೇಶವೇ ಹಾಗೆ ಸಂಶಯಿಸಿದ ಗಾಯ ಆ ಸಮುದಾಯದಲ್ಲಿ ಇನ್ನೂ ಪೂರ್ತಿ ಮಾಗಿಲ್ಲ.

ಸರ್ಕಾರ ಯೋಜಿಸದೆ ಬೆಳೆದದ್ದೂ ಬಹಳ ಇದೆ, ಮತ್ತು ನನ್ನ ದೃಷ್ಟಿಯಲ್ಲಿ ಗುರುತಿನ ತಿರುಳಿರುವುದು ಅಲ್ಲೇ. ಯಾವುದಾದರೂ ಹಾಕರ್ ಸೆಂಟರಿನಲ್ಲಿ, ಅಂದರೆ ಸಾಲಾಗಿ ಆಹಾರದ ಮಳಿಗೆಗಳಿರುವ ಚಾವಣಿಯಡಿ, ಸಕ್ಕರೆಯಿಲ್ಲದ ಕಪ್ಪು ಕಾಫಿ ಬೇಕಾದರೆ 'ಕೋಪಿ ಓ ಕೊಸೋಂಗ್' ಎನ್ನಬೇಕು. 'ಕೋಪಿ' ಮಲಯ್‌ನ ಕಾಫಿ, 'ಓ' ಹೊಕ್ಕಿಯನ್‌ನ ಕಪ್ಪು, 'ಕೊಸೋಂಗ್' ಮತ್ತೆ ಮಲಯ್, ಖಾಲಿ ಎಂದರ್ಥ. ತಮಿಳು ಮುಸ್ಲಿಮನ ಅಂಗಡಿಯಲ್ಲಿ ಚೀನೀ ಟ್ಯಾಕ್ಸಿ ಚಾಲಕ ಹೀಗೆ ಕಾಫಿ ಹೇಳುವಾಗ ಯಾರ ಭಾಷೆ ಎಂಬ ಪ್ರಶ್ನೆ ಇಬ್ಬರಿಗೂ ಹೊಳೆಯುವುದಿಲ್ಲ. ಊಟ ಮುಗಿಸಿ ತಟ್ಟೆ ಇಡುವಾಗ ಮಾತ್ರ ಎರಡು ಕಪಾಟುಗಳು ಕಾಣುತ್ತವೆ, ಒಂದು ಹಲಾಲ್ ತಟ್ಟೆಗಳಿಗೆ, ಇನ್ನೊಂದು ಉಳಿದವಕ್ಕೆ. ಮೇಜು ಒಂದೇ, ತಟ್ಟೆ ತೊಳೆಯುವ ಜಾಗ ಬೇರೆ. ಇದರ ಜೊತೆಗೆ ಸಿಂಗ್ಲಿಷ್ ಎಂಬ ಬೆರಕೆ ಮಾತು. ಅದು ದೇಶದ ಮರ್ಯಾದೆ ಕಳೆಯುತ್ತದೆಂದು ಸರ್ಕಾರ 2000ದಲ್ಲಿ ಶುದ್ಧ ಇಂಗ್ಲಿಷ್ ಆಂದೋಲನವನ್ನೇ ಶುರುಮಾಡಿತು. ಪರದೇಶದ ವಿಮಾನ ನಿಲ್ದಾಣದಲ್ಲಿ ಹಿಂದಿನಿಂದ ಸಿಂಗ್ಲಿಷ್ ಮಾತಿನ ಕೊನೆಗೆ ಸೇರುವ 'ಲಾ' ಕೇಳಿಸಿದೊಡನೆ ಸಿಂಗಪುರಿಗರು ತಿರುಗಿ ನೋಡುತ್ತಾರೆ, ತಿರುಗಿದಾಗ ಕಂಡ ಮುಖ ಯಾವ ಬಣ್ಣದ್ದಾದರೂ ಸರಿ, ಮುಗುಳ್ನಗುತ್ತಾರೆ. ಸರ್ಕಾರ ಒತ್ತಿ ತೆಗೆಯಲು ನೋಡಿದ್ದೇ ಜನರನ್ನು ಬೆಸೆದದ್ದು ನನಗೆ ಸದಾ ಸೋಜಿಗದ ಸಂಗತಿ.

ಇನ್ನು ಉಳಿಯುವ ಪ್ರಶ್ನೆ. ಇಲ್ಲಿ ನನಗೆ ಎರಡು ಆತಂಕಗಳಿವೆ. ಮೊದಲನೆಯದು ಮಾತಿನ ಮೇಲಿನ ಕಾವಲು. ಜನಾಂಗದ ಬಗ್ಗೆ ದ್ವೇಷದ ಮಾತಾಡಿದವರನ್ನು ಅಲ್ಲಿ ಜೈಲಿಗೆ ಕಳಿಸುತ್ತಾರೆ. 2005ರಲ್ಲಿ ಇಬ್ಬರು ಬ್ಲಾಗ್ ಬರಹಗಾರರಿಗೆ ದೇಶದ್ರೋಹದ ಕಾಯ್ದೆಯಡಿ ಶಿಕ್ಷೆಯಾಯಿತು. ಅದನ್ನು ನಾನು ಪೂರ್ತಿ ತಪ್ಪೆನ್ನಲಾರೆ. ಆದರೆ ಅದೇ ಕೋಲು ದೂರು ಹೇಳುವವರ ಬೆನ್ನ ಮೇಲೂ ಬೀಳುತ್ತದೆ. 2019ರಲ್ಲಿ ಒಂದು ಜಾಹೀರಾತಿಗಾಗಿ ಚೀನೀ ನಟರೊಬ್ಬರ ಮೈಬಣ್ಣ ಕಪ್ಪಾಗಿಸಿ ಭಾರತೀಯ ಪಾತ್ರವನ್ನೂ ಅವರಿಂದಲೇ ಮಾಡಿಸಿದರು. ಅದನ್ನು ಅಣಕಿಸಿ ಒರಟು ಮಾತಿನ ರ‍್ಯಾಪ್ ಹಾಡಿದ ಭಾರತೀಯ ಮೂಲದ ಒಡಹುಟ್ಟಿದವರಿಬ್ಬರಿಗೆ ಪೊಲೀಸರ ಎಚ್ಚರಿಕೆ ಸಿಕ್ಕಿತು. ಮೌನವನ್ನು ಸಾಮರಸ್ಯವೆಂದು ಎಣಿಸಿಕೊಂಡು ಹೋದರೆ ಒಳಗೇನು ನಡೆದಿದೆಯೆಂದು ಆಳುವವರಿಗೇ ತಿಳಿಯದೆ ಹೋಗುತ್ತದೆ.

ಎರಡನೆಯದು ಹೊಸಬರು, ಅಂದರೆ ನಿಮ್ಮ ಮಗಳಂಥವರು. ದ್ವೀಪದ 60 ಲಕ್ಷದಷ್ಟು ಜನರಲ್ಲಿ ಪೌರರು 36 ಲಕ್ಷ ಚಿಲ್ಲರೆ. ಉಳಿದವರು ಕಾಯಂ ನಿವಾಸಿಗಳು ಮತ್ತು ಹೊರದೇಶದ ಕೆಲಸಗಾರರು. ಚೀನಾದಿಂದ ಬಂದವರನ್ನು ಚೀನೀ ಗೂಡಿನಲ್ಲಿ, ಭಾರತದಿಂದ ಬಂದವರನ್ನು ಭಾರತೀಯ ಗೂಡಿನಲ್ಲಿ ಇಟ್ಟುಕೊಂಡು ಹೋದರೆ ಅನುಪಾತ ಸರಿಯಿರುತ್ತದೆ, ನಿಜ. ಆದರೆ ಮೂರು ತಲೆಮಾರಿನಿಂದ ಅಲ್ಲೇ ಇರುವ, ಸೈನ್ಯದಲ್ಲಿ ದುಡಿದ ತಮಿಳನಿಗೆ ಬೆಂಗಳೂರಿನಿಂದ ಬಂದ ಸಾಫ್ಟ್‌ವೇರ್ ಎಂಜಿನಿಯರಿಗಿಂತ ಪಕ್ಕದ ಮನೆಯ ಚೀನೀ ಗೆಳೆಯನೇ ಹತ್ತಿರ. 2005ರ ಭಾರತ-ಸಿಂಗಪುರ ಆರ್ಥಿಕ ಒಪ್ಪಂದದ ಮೇಲೆ ಕೆಲವು ವರ್ಷಗಳ ಹಿಂದೆ ಎದ್ದ ಸಿಟ್ಟಿನಲ್ಲಿ ಇಂಥ ಹಳೆಯ ತಮಿಳರೂ 'ಊರಿಗೆ ಹೋಗಿ' ಎಂಬ ಮಾತು ಕೇಳಬೇಕಾಯಿತು. ಗೂಡುಗಳು 1965ರ ಸಿಂಗಪುರಕ್ಕೆ ಹೊಲಿದ ಅಂಗಿ. ಮೈ ಬೆಳೆದಿದೆ, ಹೊಲಿಗೆ ಬಿಚ್ಚಲು ಧೈರ್ಯ ಸಾಲುತ್ತಿಲ್ಲ.

ಜನ ಸರ್ಕಾರಕ್ಕಿಂತ ಮುಂದೆ ಹೋಗಿದ್ದಾರೆಯೇ ಎಂಬ ಚರ್ಚೆ ಅಲ್ಲಿ ಈಗ ಜೋರಾಗಿದೆ. 2019ರಲ್ಲಿ, ಆಗ ಮುಂದಿನ ಪ್ರಧಾನಿಯೆನಿಸಿದ್ದ ಹೆಂಗ್ ಸ್ವೀ ಕಿಯಟ್, ಚೀನೀಯರಲ್ಲದ ಪ್ರಧಾನಿಗೆ ಹಿರಿಯ ತಲೆಮಾರು ಇನ್ನೂ ಸಿದ್ಧವಿಲ್ಲ ಎಂದರು. ಅದಕ್ಕೆ ಮೊದಲು, 2016ರಲ್ಲಿ ಸಂವಿಧಾನ ತಿದ್ದಿ, ಐದು ಅವಧಿಗಳವರೆಗೆ ಒಂದು ಸಮುದಾಯದವರು ಅಧ್ಯಕ್ಷರಾಗದಿದ್ದರೆ ಮುಂದಿನ ಚುನಾವಣೆ ಅವರಿಗೇ ಮೀಸಲು ಎಂದು ಮಾಡಿದ್ದರು. ಹಾಗೆ 2017ರಲ್ಲಿ ಮಲಯ್ ಸಮುದಾಯದ ಹಲೀಮಾ ಯಾಕೋಬ್ ಅವಿರೋಧವಾಗಿ ಅಧ್ಯಕ್ಷರಾದರು. ಮತ ಹಾಕುವ ಅವಕಾಶವೇ ಸಿಗದ ಜನ ಗೊಣಗಿದರು, ಮಲಯ್ ಜನರೂ ಗೊಣಗಿದರು. 2023ರಲ್ಲಿ ಮೀಸಲಿಲ್ಲದ ಚುನಾವಣೆಯಲ್ಲಿ ಥರ್ಮನ್ ಷಣ್ಮುಗರತ್ನಂ ಇಬ್ಬರು ಚೀನೀ ಅಭ್ಯರ್ಥಿಗಳೆದುರು ನೂರಕ್ಕೆ 70.4ರಷ್ಟು ಮತ ಪಡೆದು ಗೆದ್ದರು. ಮೀಸಲಿಲ್ಲದೆ ಅಲ್ಪಸಂಖ್ಯಾತ ಗೆಲ್ಲಲಾರ ಎಂದವರಿಗೆ ಇದು ಉತ್ತರ. ಆದರೆ ಅಧ್ಯಕ್ಷ ಪದವಿ ಬಹುಮಟ್ಟಿಗೆ ಗೌರವದ ಪದವಿ, ಥರ್ಮನ್ ಅವರ ಜನಪ್ರಿಯತೆಯೂ ಎಲ್ಲರಿಗೂ ಸಿಗುವಂಥದ್ದಲ್ಲ. ಪ್ರಧಾನಿಯ ಕುರ್ಚಿಯಲ್ಲಿ ಈವರೆಗೆ ಕೂತ ನಾಲ್ವರೂ ಚೀನೀಯರೇ. ಬೇರೆಯವರೊಬ್ಬರು ಅಲ್ಲಿ ಕೂರುವವರೆಗೆ ಪರೀಕ್ಷೆಯ ಅರ್ಧ ಪತ್ರಿಕೆಯಷ್ಟೇ ತಿದ್ದಿದಂತಾಗಿದೆ ಎಂದು ನಾನು ಎಣಿಸುತ್ತೇನೆ.

ಹಾಗಾದರೆ ನಾಳೆಯೇ ಫ್ಲ್ಯಾಟಿನ ಮಿತಿ, ಚೀಟಿಯ ಮೇಲಿನ ಜನಾಂಗ ಎಲ್ಲವನ್ನೂ ತೆಗೆದುಬಿಡಬೇಕೇ ಎಂದು ನೀವು ಕೇಳಬಹುದು. ಚೀಟಿಯ ಮೇಲಿನ ನಮೂದನ್ನು ತೆಗೆಯಬಹುದು. ಅದರಿಂದ ಯಾರಿಗೂ ನಷ್ಟವಿಲ್ಲ. ವಸತಿಯ ಮಿತಿಯನ್ನು ನಾನು ಸದ್ಯಕ್ಕೆ ತೆಗೆಯಲಾರೆ, ಏಕೆಂದರೆ ಒಮ್ಮೆ ಕೇರಿಗಳು ಮೂಡಿದರೆ ಅವನ್ನು ಮತ್ತೆ ಬೆರೆಸುವುದು ಯಾವ ಕಾಯ್ದೆಗೂ ಸುಲಭವಲ್ಲ. ಅದರ ನಷ್ಟವನ್ನು ಮಾತ್ರ ಸರ್ಕಾರದ ಬೊಕ್ಕಸ ಹೊರಬೇಕು, ಮಾರುವವನಲ್ಲ. ಭಾಷಾ ಪಟ್ಟಿಯನ್ನು ಸಡಿಲಿಸಬಹುದು, ಆದರೆ ಕನ್ನಡಕ್ಕೆ ಅಲ್ಲಿ ಜಾಗ ಸಿಗುವಷ್ಟು ಮಕ್ಕಳಿಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು.

ನಿಮ್ಮ ಮೊಮ್ಮಗನ ಬಗ್ಗೆ ಒಂದು ಮಾತು. ಶಾಲೆಯ ಹಿಂದಿ ಅವನ ಗುರುತನ್ನು ನಿರ್ಧರಿಸುವುದಿಲ್ಲ. ಚೀಟಿಯ 'ಭಾರತೀಯ' ಎಂಬ ಪದವೂ ಅಷ್ಟೇ. ಹದಿನೆಂಟಕ್ಕೆ ಅವನು ಸೈನ್ಯಕ್ಕೆ ಹೋಗಿ, ಒಬ್ಬ ಮಲಯ್ ಹುಡುಗನ ಪಕ್ಕದ ಮಂಚದಲ್ಲಿ ಮಲಗಿ, ಒಬ್ಬ ಚೀನೀ ಸಾರ್ಜೆಂಟನ ಬೈಗುಳ ತಿಂದು ಬರುತ್ತಾನೆ. ಮುಂದಿನ ಬಾರಿ ಅವನು ಶಿವಮೊಗ್ಗಕ್ಕೆ ಬಂದಾಗ ಅವನ ಕನ್ನಡದ ವಾಕ್ಯಗಳ ಕೊನೆಯಲ್ಲಿ ಒಂದು 'ಲಾ' ಕೇಳಿಸಿದರೆ ತಿದ್ದಬೇಡಿ.